ಸ್ಪ್ರಿಂಗ್ ಮೆತ್ತಗಾದರೆ ಲಾಂಚ್ ಸರಿಹೋಗುತ್ತಾ?

ಪ್ರಶ್ನೆ: ನನ್ನ ಹತ್ತಿರ ಹಳೇ ಪ್ರೀಮಿಯರ್ ಪದ್ಮಿನಿ ಇದೆ. ಎಂಜಿನ್ ಬದಲಾಯಿಸಿದ್ದೇನೆ, ಈಗ ಸುಮಾರು 160 ಬಿಎಚ್‌ಪಿ. ಹಿಂದಿನ ಲೀಫ್ ಸ್ಪ್ರಿಂಗ್ (ಪಟ್ಟಿ ಸ್ಪ್ರಿಂಗ್) ತೆಗೆಸಿ ಫೋರ್ ಲಿಂಕ್ (ಆಕ್ಸಲನ್ನು ಬಾಡಿಗೆ ಹಿಡಿಯುವ ನಾಲ್ಕು ರಾಡು) ಮತ್ತು ಕಾಯಿಲ್‌ಓವರ್ (ಸುತ್ತ ಸುರುಳಿ ಸ್ಪ್ರಿಂಗ್ ಇರುವ ಶಾಕ್ ಅಬ್ಸಾರ್ಬರ್) ಹಾಕಿಸಿದ್ದೇನೆ. ಸ್ಪ್ರಿಂಗ್ 12 ಇಂಚಿನದು, 200 ಪೌಂಡ್. ವೇ ಬ್ರಿಡ್ಜ್‌ನಲ್ಲಿ ನನ್ನನ್ನೂ ಸೇರಿಸಿ 1,000 ಕಿಲೋ ಬಂತು, ಅದರಲ್ಲಿ ಹಿಂದಿನ ಚಕ್ರಗಳ ಮೇಲೆ 450. ಡ್ರ್ಯಾಗ್ ರೇಸಿನ ಲಾಂಚ್‌ಗೆ, ಅಂದರೆ ನಿಂತಲ್ಲಿಂದ ನೇರಕ್ಕೆ ಜೋರಾಗಿ ಹೊರಡಲು, ಕ್ಲಚ್ ಬಿಟ್ಟ ತಕ್ಷಣ ಹಿಂಭಾಗ ಕೂರುತ್ತದೆ. ಎರಡು ಅಡಿ ಚೆನ್ನಾಗಿ ಹಿಡಿಯುತ್ತದೆ, ಆಮೇಲೆ ಟೈರ್ ಸುಮ್ನೆ ಸುತ್ತುತ್ತದೆ. ನೆಲದ ಮೇಲೆ ಬಲಗಡೆ ಟೈರಿನ ಗುರುತೇ ಜಾಸ್ತಿ ಕಪ್ಪು. ಮೇಲಿನ, ಕೆಳಗಿನ ಲಿಂಕ್‌ಗಳು ಎರಡೂ ಹೆಚ್ಚುಕಡಿಮೆ ಸಮಾನಾಂತರವಾಗಿವೆ. ನೋಡಲು ಚೆನ್ನಾಗಿರಲಿ ಅಂತ ಗಾಡಿಯನ್ನು ತಗ್ಗಿಸಿದ್ದೇನೆ. ಜಾಕ್ ಹಾಕಿ ಎತ್ತಿದರೆ ಹಿಂದಿನ ಸ್ಪ್ರಿಂಗ್ ಲೊಡಲೊಡ ಅನ್ನುತ್ತದೆ. ಮೆಕ್ಯಾನಿಕ್ 110 ಪೌಂಡಿನ ಮೆತ್ತನೆ ಸ್ಪ್ರಿಂಗ್ ಹಾಕಿ ಅನ್ನುತ್ತಾರೆ. ಗೆಳೆಯ ಇನ್ನೂ ಗಟ್ಟಿ ಬೇಕು ಅನ್ನುತ್ತಾನೆ. ಯಾವುದು ಸರಿ?
— ಬಸವೇಶ್ವರನಗರದ ಓದುಗರು

ಉತ್ತರ: 150 ಹಾಕಿ. ಆದರೆ ಅದರಿಂದಲೇ ಟೈರ್ ಸುತ್ತೋದು ನಿಲ್ಲುತ್ತದೆ ಅಂದುಕೊಳ್ಳಬೇಡಿ. ನಿಮ್ಮ ತೊಂದರೆ ಇರುವುದು ಲಿಂಕ್‌ನಲ್ಲಿ ಮತ್ತು ಗಾಡಿಯ ಎತ್ತರದಲ್ಲಿ. ಸ್ಪ್ರಿಂಗ್ ಪಾಪ, ಸುಮ್ನೆ ಬೈಸಿಕೊಳ್ಳುತ್ತಿದೆ.

ನಮ್ಮಲ್ಲಿ ಎಲ್ಲರೂ ಹೇಳುವ ಮಾತು ಒಂದಿದೆ. ಹಿಂದೆ ಮೆತ್ತಗಿದ್ದರೆ ಭಾರ ಹಿಂದಕ್ಕೆ ಚೆನ್ನಾಗಿ ಬರುತ್ತದೆ, ಟೈರ್ ಕಚ್ಚುತ್ತದೆ ಅಂತ. ಜೆಸಿ ರೋಡಿನಲ್ಲಿ ಹತ್ತು ಅಂಗಡಿ ಕೇಳಿ, ಎಂಟರಲ್ಲಿ ಇದನ್ನೇ ಹೇಳುತ್ತಾರೆ. ನಾನೂ ಕೆಲವು ವರ್ಷ ಇದನ್ನೇ ನಂಬಿದ್ದೆ. ಕಣ್ಣಿಗೆ ಹಾಗೇ ಕಾಣುತ್ತದೆ ಅಲ್ವಾ? ಗಾಡಿ ಹಿಂದೆ ಕೂತರೆ ಟೈರನ್ನು ನೆಲಕ್ಕೆ ಒತ್ತಿದ ಹಾಗೆ ಅನಿಸುತ್ತದೆ.

ಲಾಲ್‌ಬಾಗಿನ ಕಲ್ಲುಬೆಂಚಿನ ಮೇಲೆ ಕೂತರೂ ನಿಮ್ಮ ತೂಕ ಅಷ್ಟೇ, ಮನೆಯ ಸೋಫಾ ಮೇಲೆ ಕೂತರೂ ಅಷ್ಟೇ. ಸೋಫಾದಲ್ಲಿ ನೀವು ಜಾಸ್ತಿ ಕೆಳಗೆ ಹೋಗುತ್ತೀರಿ, ಅಷ್ಟೇ ವ್ಯತ್ಯಾಸ. ಗಾಡಿಯೂ ಹಾಗೇ. ಓಡುವಾಗ ಹಿಂದಕ್ಕೆ ಎಷ್ಟು ಭಾರ ಬರಬೇಕು ಅನ್ನುವುದನ್ನು ನಾಲ್ಕು ಸಂಗತಿ ತೀರ್ಮಾನಿಸುತ್ತವೆ: ಗಾಡಿಯ ತೂಕ, ಎಷ್ಟು ಜೋರಾಗಿ ಮುನ್ನುಗ್ಗುತ್ತಿದೆ, ಭಾರದ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಎಷ್ಟು ಅಂತರ. ಸ್ಪ್ರಿಂಗ್ ಈ ಪಟ್ಟಿಯಲ್ಲೇ ಇಲ್ಲ.

ನಿಮ್ಮ ಗಾಡಿಗೇ ಲೆಕ್ಕ ಹಾಕೋಣ. ಪದ್ಮಿನಿಯ ವೀಲ್‌ಬೇಸ್ 2.34 ಮೀಟರ್. ಭಾರದ ಕೇಂದ್ರ ನೆಲದಿಂದ 55 ಸೆಂ.ಮೀ. ಎತ್ತರದಲ್ಲಿದೆ ಅಂತ ಇಟ್ಟುಕೊಳ್ಳುತ್ತೇನೆ. ಗಾಡಿ 0.6 ಜಿ ವೇಗೋತ್ಕರ್ಷದಲ್ಲಿ (ಗುರುತ್ವದ 60 ಪರ್ಸೆಂಟ್) ಹೊರಟರೆ, 1,000 ಗುಣಿಸು 0.6 ಗುಣಿಸು 0.55, ಅದನ್ನು 2.34ರಿಂದ ಭಾಗಿಸಿ. 141 ಕಿಲೋ ಬರುತ್ತದೆ. ನಿಂತಾಗ ಹಿಂದೆ ಇದ್ದ 450 ಈಗ 591 ಆಯಿತು. ಗಾಡಿಯನ್ನು ತಳ್ಳಲು ಬೇಕಾದ ಬಲ 1,000 ಗುಣಿಸು 0.6, ಅಂದರೆ 600 ಕಿಲೋ. ಅದಕ್ಕೆ ಟೈರ್ ಮೇಲಿರುವುದು 591 ಕಿಲೋ ಒತ್ತಡ. ಅಂದರೆ ಟೈರಿನ ಗ್ರಿಪ್ 1ಕ್ಕಿಂತ ಸ್ವಲ್ಪ ಮೇಲಿರಬೇಕು. ಸಾಮಾನ್ಯ ರಸ್ತೆ ಟೈರಿಗೆ ಇದು ಕಷ್ಟ. ಒಳ್ಳೆಯ ಸೆಮಿ ಸ್ಲಿಕ್ (ಗೆರೆ ಕಡಿಮೆ ಇರುವ ರೇಸ್ ಟೈರ್) ಬಿಸಿಯಾದರೆ ಆಗುತ್ತದೆ. ಈ 141 ಕಿಲೋ 110 ಪೌಂಡಿನ ಸ್ಪ್ರಿಂಗ್‌ಗೂ 141, 200ಕ್ಕೂ 141.

ಇದೇ ಲೆಕ್ಕದಿಂದ ಇನ್ನೊಂದು ವಿಷಯ ತಿಳಿಯುತ್ತದೆ. ಇಡೀ ಗಾಡಿಯನ್ನು 5 ಸೆಂ.ಮೀ. ತಗ್ಗಿಸಿದರೆ ಹಿಂದಕ್ಕೆ ಬರುವ ಭಾರ ಸುಮಾರು 13 ಕಿಲೋ ಕಡಿಮೆಯಾಗುತ್ತದೆ. ಶೋಕಿಗೆ ತೆತ್ತ ಬೆಲೆ! ಮುಂದಿನ ಬಾನೆಟ್ ಕೆಳಗಿರುವ 15 ಕಿಲೋ ಬ್ಯಾಟರಿಯನ್ನು ಡಿಕ್ಕಿಯ ಕೊನೆಗೆ ಒಯ್ದರೆ ಹಿಂದಿನ ಚಕ್ರಗಳಿಗೆ ಸುಮಾರು 18 ಕಿಲೋ ಸಿಗುತ್ತದೆ. ಕೇಬಲ್ಲಿಗೆ ಮತ್ತು ಒಂದು ಗಟ್ಟಿ ಬಾಕ್ಸಿಗೆ ಆಗುವ ಖರ್ಚಿಗೆ ಇಷ್ಟು ಲಾಭ ಕೊಡುವ ಸ್ಪ್ರಿಂಗ್ ಯಾವುದೂ ಇಲ್ಲ.

ಹಾಗಾದರೆ ಸ್ಪ್ರಿಂಗ್ ಏನು ಮಾಡುತ್ತದೆ? ಗಾಡಿಯನ್ನು ಸರಿಯಾದ ಎತ್ತರದಲ್ಲಿ ಹೊತ್ತು ನಿಲ್ಲಿಸುತ್ತದೆ. ಬಂದ ಭಾರಕ್ಕೆ ಬಾಡಿ ಎಷ್ಟು ಕೆಳಗಿಳಿಯಬೇಕು, ಎಷ್ಟು ಹೊತ್ತಿಗೆ ಇಳಿಯಬೇಕು ಅನ್ನುವುದನ್ನು ಹೇಳುತ್ತದೆ. ಇಲ್ಲಿ ಒಂದು ತಮಾಷೆ ಇದೆ. ಬಾಡಿ ಕೆಳಗಿಳಿಯುತ್ತಿರುವ ಆ ಕ್ಷಣದಲ್ಲಿ ಸ್ಪ್ರಿಂಗ್ ಮೂಲಕ ಬರುವ ಭಾರ ಟೈರಿಗೆ ಇನ್ನೂ ಪೂರ್ತಿ ತಲುಪಿರುವುದಿಲ್ಲ. ಸ್ಪ್ರಿಂಗ್ ಒತ್ತಿಕೊಂಡ ಹಾಗೆಲ್ಲ ತಲುಪುತ್ತದೆ. ಮೆತ್ತನೆ ಸ್ಪ್ರಿಂಗ್ ಇದ್ದರೆ ಇನ್ನೂ ತಡ. ಕ್ಲಚ್ ಬಿಟ್ಟ ಮೊದಲ ಕಾಲು ಸೆಕೆಂಡಿನಲ್ಲಿ ಟೈರಿಗೆ ಭಾರ ಬೇಕು. ಆಗ ಗಾಡಿ ಸೋಫಾ ಮೇಲೆ ಕೂರುತ್ತಾ ಇದ್ದರೆ ಏನು ಪ್ರಯೋಜನ ಹೇಳಿ.

ಸರಿ, ನಿಮ್ಮ ಗಾಡಿಗೆ ಬರುತ್ತೇನೆ. ನೀವು ಬರೆದಿದ್ದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ಲೊಡಲೊಡ. ಅದೊಂದು ಶಬ್ದವೇ ಅರ್ಧ ಕಥೆ ಹೇಳುತ್ತದೆ.

ಹಿಂದಿನ 450 ಕಿಲೋದಲ್ಲಿ ಆಕ್ಸಲ್, ಚಕ್ರ, ಬ್ರೇಕು ಎಲ್ಲ ಸೇರಿ ಸುಮಾರು 90 ಕಿಲೋ ಕಳೆಯಿರಿ. ಅದನ್ನು ಸ್ಪ್ರಿಂಗ್ ಹೊರುವುದಿಲ್ಲ, ಟೈರೇ ಹೊರುತ್ತದೆ. ಉಳಿದದ್ದು 360. ಒಂದು ಸ್ಪ್ರಿಂಗಿಗೆ 180. ಕಾಯಿಲ್‌ಓವರ್ ಸ್ವಲ್ಪ ಓರೆಯಾಗಿ ನಿಂತಿರುತ್ತದೆ. 15 ಡಿಗ್ರಿ ಓರೆ ಅಂದರೆ ಸ್ಪ್ರಿಂಗ್ ಉದ್ದಕ್ಕೆ ಬೀಳುವ ಬಲ 186 ಕಿಲೋ. ಇನ್ನು ಪೌಂಡಿನ ಲೆಕ್ಕ. 200 ಪೌಂಡ್ ಸ್ಪ್ರಿಂಗ್ ಅಂದರೆ ಒಂದು ಇಂಚು ಒತ್ತಲು 200 ಪೌಂಡ್ ಬೇಕು ಅಂತ. ನಮ್ಮ ಲೆಕ್ಕದಲ್ಲಿ ಒಂದು ಮಿ.ಮೀ.ಗೆ ಸುಮಾರು 3.6 ಕಿಲೋ. 150 ಅಂದರೆ 2.7. 110 ಅಂದರೆ ಸುಮಾರು 2. ಈಗ ಭಾಗಿಸಿ. ಗಾಡಿ ಸುಮ್ಮನೆ ನಿಂತಾಗ 200ರ ಸ್ಪ್ರಿಂಗ್ 52 ಮಿ.ಮೀ. ಒತ್ತಿಕೊಳ್ಳುತ್ತದೆ, 150ರದ್ದು 69, 110ರದ್ದು 95.

ಈ ಅಳತೆಯ ಡ್ರ್ಯಾಗ್ ಶಾಕ್‌ಗಳಿಗೆ ಒಟ್ಟು ಓಟ (ರಾಡು ಒಳಗೆ ಹೊರಗೆ ಚಲಿಸುವ ಉದ್ದ) ಸುಮಾರು 130 ಮಿ.ಮೀ. ಇರುತ್ತದೆ. ನಿಮ್ಮದನ್ನು ಟೇಪ್ ಹಿಡಿದು ಅಳೆಯಿರಿ. ನೀವು ಕಾಲರ್ (ಸ್ಪ್ರಿಂಗ್ ಕೂರುವ ತಿರುಗಿಸುವ ಬಳೆ) ಕೆಳಗಿಳಿಸಿ ಗಾಡಿ ತಗ್ಗಿಸಿದ್ದೀರಿ. ನೀವು ಕಳಿಸಿದ ಫೋಟೋದಲ್ಲಿ ಶಾಕ್ ರಾಡ್ ಬಂಪ್ ರಬ್ಬರ್‌ವರೆಗೆ (ಶಾಕ್ ತಳ ಮುಟ್ಟದಂತೆ ತಡೆಯುವ ರಬ್ಬರ್) 2 ಸೆಂ.ಮೀ. ಮಾತ್ರ ಕಾಣುತ್ತದೆ. ಅಂದರೆ ಕೆಳಕ್ಕೆ 20 ಮಿ.ಮೀ., ಮೇಲಕ್ಕೆ 110. ಸ್ಪ್ರಿಂಗ್ ಒತ್ತಿಕೊಂಡಿರುವುದು 52 ಮಾತ್ರ. ಹಾಗಾಗಿ ಜಾಕ್ ಹಾಕಿ ಎತ್ತಿದಾಗ ಸ್ಪ್ರಿಂಗ್ 58 ಮಿ.ಮೀ. ಸಡಿಲ ಬಿಡುತ್ತದೆ. ಅದೇ ಲೊಡಲೊಡ. ಗುಂಡಿಯಲ್ಲಿ ಚಕ್ರ ಇಳಿದಾಗ ಸ್ಪ್ರಿಂಗ್ ಸೀಟಿನಿಂದ ಜಾರಿ ಕೂತರೆ ಆಟ ಮುಗಿಯಿತು.

ಲಾಂಚ್‌ನಲ್ಲಿ ಆಗುವುದು ಇಷ್ಟು. ಲಿಂಕ್‌ಗಳು ಸಮಾನಾಂತರ ಇರುವುದರಿಂದ ಬಂದ ಭಾರದ ಬಹುಪಾಲು ಸ್ಪ್ರಿಂಗ್ ಮೇಲೇ ಬೀಳುತ್ತದೆ. ಹಿಂಭಾಗ ಒಂದೂವರೆ ಸೆಂ.ಮೀ. ಇಳಿಯುತ್ತದೆ. ಇಳಿಯುವ ರಭಸಕ್ಕೆ ಇನ್ನೂ ಸ್ವಲ್ಪ. ಬಲಗಡೆ ಬಾಡಿ ವಾಲುವುದರಿಂದ ಅಲ್ಲಿ ಇನ್ನೊಂದಿಷ್ಟು. 20 ಮಿ.ಮೀ. ಜಾಗ ಅಷ್ಟರಲ್ಲಿ ಖಾಲಿ. ರಬ್ಬರ್‌ಗೆ ಬಡಿಯುತ್ತದೆ. ಬಡಿದ ಕ್ಷಣ ಟೈರ್ ಮೇಲೆ ಒತ್ತಡ ಏರುತ್ತದೆ, ಅದಕ್ಕೇ ಮೊದಲೆರಡು ಅಡಿ ಚೆನ್ನಾಗಿ ಹಿಡಿಯುವುದು. ರಬ್ಬರ್ ವಾಪಸ್ ತಳ್ಳಿದಾಗ ಬಾಡಿ ಮೇಲಕ್ಕೆ ಚಿಮ್ಮುತ್ತದೆ, ಟೈರ್ ಹಗುರವಾಗುತ್ತದೆ. ಸುತ್ತಲು ಶುರು. ಬಲಗಡೆಯ ಬಂಪ್ ರಬ್ಬರ್ ಬಿಚ್ಚಿ ನೋಡಿ. ಜಜ್ಜಿದ ಗುರುತು ಇದ್ದೇ ಇರುತ್ತದೆ ಅಂತ ನನ್ನ ಅಂದಾಜು. ಇದಕ್ಕೆ ನಿಮ್ಮ ಮೆಕ್ಯಾನಿಕ್ ಹೇಳಿದ ಹಾಗೆ ಕಾಲರ್ ಇದ್ದಲ್ಲೇ ಇಟ್ಟು 110 ಹಾಕಿದರೆ ಗಾಡಿ ನಿಂತಲ್ಲೇ ರಬ್ಬರ್ ಮೇಲೆ ಕೂರುತ್ತದೆ. ಗೆಳೆಯ ಹೇಳಿದ ಹಾಗೆ ಇನ್ನೂ ಗಟ್ಟಿ ಹಾಕಿದರೆ ಬಡಿತ ಕಡಿಮೆಯಾಗಬಹುದು, ಲೊಡಲೊಡ ಜಾಸ್ತಿಯಾಗುತ್ತದೆ.

150 ಯಾಕೆ ಅಂದರೆ, ಗಾಡಿ ನಿಂತಾಗ ಶಾಕ್ ತನ್ನ ಓಟದ ನಡುವೆ ಇರಬೇಕು. 65 ಮೇಲೆ, 65 ಕೆಳಗೆ. ಸ್ಪ್ರಿಂಗ್ 69 ಒತ್ತಿಕೊಂಡಿರುತ್ತದೆ. ಚಕ್ರ ಪೂರ್ತಿ ಇಳಿದರೂ ಇನ್ನೂ 4 ಮಿ.ಮೀ. ಬಿಗಿ ಉಳಿಯುತ್ತದೆ. ಸಡಿಲ ಇಲ್ಲ, ಬಡಿತ ಇಲ್ಲ. ಬಜಾರಿನಲ್ಲಿ ಸಿಗುವ 110, 130, 150, 175, 200 ಈ ಸಾಲಿನಲ್ಲಿ ನಿಮ್ಮ ತೂಕಕ್ಕೆ ಇದೇ ಸಲೀಸು. ಲಿಂಕ್ ಸರಿಮಾಡಿ, ಹಿಂದೆ ಆ್ಯಂಟಿ ರೋಲ್ ಬಾರ್ (ಬಾಡಿ ಪಕ್ಕಕ್ಕೆ ವಾಲದಂತೆ ಹಿಡಿಯುವ ರಾಡು) ಹಾಕಿದ ಮೇಲೆ 130 ಪ್ರಯತ್ನಿಸಬಹುದು. ಈಗಲೇ ಬೇಡ.

ಈಗ ಲಿಂಕ್ ವಿಷಯ. ಫೋರ್ ಲಿಂಕ್ ಹಾಕಿಸಿದ ಮೇಲೆ ಅದನ್ನು ಹೊಂದಿಸದೇ ಬಿಟ್ಟರೆ ಲೀಫ್ ಸ್ಪ್ರಿಂಗೇ ವಾಸಿ.

ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಡ್ರೈವರ್ ಸೀಟಿನಲ್ಲಿ ನಿಮ್ಮ ತೂಕದ ಮರಳಿನ ಚೀಲ ಇಡಿ. ಗಾರೆ ಮೇಸ್ತ್ರಿಯ ನೂಲು ಮತ್ತು ತೂಗುಗುಂಡು ತಂದುಕೊಳ್ಳಿ. ಕೆಳಗಿನ ಲಿಂಕಿನ ಎರಡೂ ತುದಿಯ ಬೋಲ್ಟುಗಳ ನಡು, ಮೇಲಿನ ಲಿಂಕಿನ ಎರಡೂ ಬೋಲ್ಟುಗಳ ನಡು, ಇವು ನೆಲದಿಂದ ಎಷ್ಟು ಎತ್ತರ, ಹಿಂದಿನ ಆಕ್ಸಲ್‌ನಿಂದ ಎಷ್ಟು ಮುಂದೆ ಅಂತ ಬರೆದುಕೊಳ್ಳಿ. ಗ್ಯಾರೇಜಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಅಳತೆಗೆ ಸರಿಯಾಗಿ ಚಿತ್ರ ಬರೆಯಿರಿ. ಎರಡೂ ಲಿಂಕ್‌ಗಳ ಗೆರೆಯನ್ನು ಮುಂದಕ್ಕೆ ಎಳೆಯಿರಿ. ಅವು ಎಲ್ಲಿ ಸೇರುತ್ತವೋ ಅಲ್ಲಿಂದಲೇ ಆಕ್ಸಲ್ ಬಾಡಿಯನ್ನು ತಳ್ಳುತ್ತಿದೆ ಅಂತ ತಿಳಿಯಿರಿ. ಇದನ್ನು ಇನ್‌ಸ್ಟಂಟ್ ಸೆಂಟರ್ ಅನ್ನುತ್ತಾರೆ.

ಈಗ ಹಿಂದಿನ ಟೈರ್ ನೆಲ ಮುಟ್ಟುವ ಜಾಗದಿಂದ ಆ ಬಿಂದುವಿನ ಮೂಲಕ ಇನ್ನೊಂದು ಗೆರೆ ಎಳೆದು, ಮುಂದಿನ ಆಕ್ಸಲ್‌ವರೆಗೆ ಒಯ್ಯಿರಿ. ಅಲ್ಲಿ ಆ ಗೆರೆಯ ಎತ್ತರ ಎಷ್ಟು? ಭಾರದ ಕೇಂದ್ರದ ಎತ್ತರದಷ್ಟೇ, ಅಂದರೆ 55 ಸೆಂ.ಮೀ. ಇದ್ದರೆ ಹಿಂಭಾಗ ಕೂರುವುದೂ ಇಲ್ಲ, ಏಳುವುದೂ ಇಲ್ಲ. ಅದು 100 ಪರ್ಸೆಂಟ್ ಆ್ಯಂಟಿ ಸ್ಕ್ವಾಟ್. ಕಡಿಮೆ ಇದ್ದರೆ ಕೂರುತ್ತದೆ. ಜಾಸ್ತಿ ಇದ್ದರೆ ಬಾಡಿ ಎದ್ದು ಆಕ್ಸಲ್ ನೆಲಕ್ಕೆ ಒತ್ತುತ್ತದೆ.

ನಿಮ್ಮ ಲಿಂಕ್‌ಗಳು ಆಕ್ಸಲ್‌ನಿಂದ 4 ಮೀಟರ್ ಮುಂದೆ, 30 ಸೆಂ.ಮೀ. ಎತ್ತರದಲ್ಲಿ ಸೇರುತ್ತವೆ ಅಂದುಕೊಳ್ಳಿ. ಗಾಡಿಯ ಮೂತಿಗಿಂತಲೂ ಆಚೆ! ಲೆಕ್ಕ ಹಾಕಿದರೆ ಮುಂದಿನ ಆಕ್ಸಲ್‌ನಲ್ಲಿ ಗೆರೆಯ ಎತ್ತರ ಸುಮಾರು ಹದಿನೇಳೂವರೆ ಸೆಂ.ಮೀ. ಮಾತ್ರ. ಅಂದರೆ 32 ಪರ್ಸೆಂಟ್. ಹಿಂಭಾಗ ಕೂರದೇ ಇನ್ನೇನು ಮಾಡುತ್ತದೆ? ಮೇಲಿನ ಲಿಂಕಿನ ಮುಂದಿನ ತುದಿಯನ್ನು ಕೆಳಗಿನ ತೂತಿಗೆ ಇಳಿಸಿ, ಸೇರುವ ಬಿಂದುವನ್ನು 1.2 ಮೀಟರ್ ಹತ್ತಿರಕ್ಕೆ, 25 ಸೆಂ.ಮೀ. ಎತ್ತರಕ್ಕೆ ತಂದರೆ 89 ಪರ್ಸೆಂಟ್. ಅದೇ ದೂರದಲ್ಲಿ 30 ಸೆಂ.ಮೀ. ಎತ್ತರಕ್ಕೆ ಏರಿಸಿದರೆ 106. ಐದೇ ಸೆಂ.ಮೀ.ಗೆ ಇಷ್ಟು ಬದಲಾವಣೆ. ಯಾವ ಸ್ಪ್ರಿಂಗ್ ಬದಲಾಯಿಸಿದರೂ ಇಷ್ಟು ಆಗುವುದಿಲ್ಲ.

ಇದರಲ್ಲಿರುವ ಲಾಭ ಏನೆಂದರೆ, ಲಿಂಕ್ ಮೂಲಕ ಬರುವ ಒತ್ತಡ ಕಾಯುವುದಿಲ್ಲ. ಸ್ಪ್ರಿಂಗ್ ಒತ್ತಿಕೊಳ್ಳಲಿ ಅಂತ ನಿಲ್ಲುವುದಿಲ್ಲ. ಕಬ್ಬಿಣದ ರಾಡು, ಕ್ಲಚ್ ಹಿಡಿದ ತಕ್ಷಣ ಒತ್ತುತ್ತದೆ.

ಹಾಗಂತ 130, 140ಕ್ಕೆ ಏರಿಸಬೇಡಿ. ಜಾಸ್ತಿ ಆದರೆ ಬಾಡಿ ಹಿಂದೆ ಪಟ್ಟನೆ ಎದ್ದುಬಿಡುತ್ತದೆ. ಏಳುವಾಗ ಟೈರಿಗೆ ಭಾರಿ ಒತ್ತಡ, ಎದ್ದು ನಿಂತ ಮೇಲೆ ಒತ್ತಡ ಮಾಯ. ಆಗಲೂ ಎರಡು ಅಡಿ ಹಿಡಿದು ಸುತ್ತುತ್ತದೆ! ಕಾಯಿಲೆ ಬೇರೆ, ಲಕ್ಷಣ ಒಂದೇ. ಅದಕ್ಕೇ ವಿಡಿಯೊ ಬೇಕು ಅನ್ನುವುದು. ಹಿಂದಿನ ಮಡ್‌ಗಾರ್ಡ್ ಮೇಲೆ ಚಕ್ರದ ನೇರಕ್ಕೆ ಒಂದು ಬಿಳಿ ಟೇಪ್, ಚಕ್ರದ ನಡುವೆ ಇನ್ನೊಂದು ಟೇಪ್ ಅಂಟಿಸಿ. ಮೊಬೈಲ್ ಸ್ಲೋ ಮೋಷನ್‌ನಲ್ಲಿಟ್ಟು ಪಕ್ಕದಿಂದ ಹಿಡಿಯಿರಿ. ಬಲಗಡೆಯಿಂದ ಒಮ್ಮೆ, ಎಡಗಡೆಯಿಂದ ಒಮ್ಮೆ. ಎರಡು ಟೇಪುಗಳ ನಡುವಿನ ಅಂತರ ಕಡಿಮೆಯಾದರೆ ಕೂರುತ್ತಿದೆ, ಜಾಸ್ತಿಯಾದರೆ ಏಳುತ್ತಿದೆ. ಒಂದು ಬೆರಳಿನಷ್ಟು ಏರಿ, ಅಲ್ಲೇ ನಿಂತು, ಗಾಡಿ ಮುಂದೆ ಹೋದ ಮೇಲೆ ನಿಧಾನವಾಗಿ ಇಳಿದರೆ ನಿಮ್ಮ ಕೆಲಸ ಮುಗಿದ ಹಾಗೆ.

ಆ ಏರಿಳಿತದ ವೇಗವನ್ನು ಹಿಡಿಯುವುದು ಶಾಕ್. ಬಾಡಿ ಪಟ್ಟನೆ ಏಳುತ್ತಿದ್ದರೆ ರೀಬೌಂಡ್ (ಶಾಕ್ ಚಾಚುವಾಗಿನ ತಡೆ) ಬಿಗಿ ಮಾಡಿ. ಪಟ್ಟನೆ ಕೂರುತ್ತಿದ್ದರೆ ಬಂಪ್ (ಶಾಕ್ ಕುಗ್ಗುವಾಗಿನ ತಡೆ) ಬಿಗಿ ಮಾಡಿ. ಎರಡು ಕ್ಲಿಕ್ ತಿರುಗಿಸಿ, ಓಡಿಸಿ, ಬರೆದುಕೊಳ್ಳಿ. ಅಗ್ಗದ ಕಾಯಿಲ್‌ಓವರ್‌ಗಳಲ್ಲಿ ಒಂದೇ ನಾಬ್ ಇರುತ್ತದೆ, ಅದು ಎರಡನ್ನೂ ಒಟ್ಟಿಗೆ ಬಿಗಿ ಮಾಡುತ್ತದೆ. ಅದು ರೇಡಿಯೊದಲ್ಲಿ ವಾಲ್ಯೂಮ್ ಏರಿಸಿದರೆ ಸ್ಟೇಷನ್ನೂ ಬದಲಾದ ಹಾಗೆ. ದುಡ್ಡು ಹಾಕುವುದಾದರೆ ಎರಡು ನಾಬ್ ಇರುವ ಶಾಕ್‌ಗೆ ಹಾಕಿ. ಸ್ಪ್ರಿಂಗ್ ಮೂರು ಜೊತೆ ಕೊಳ್ಳುವ ದುಡ್ಡು ಅಲ್ಲಿಗೆ ಹೋದರೂ ಬೇಜಾರಿಲ್ಲ.

ಬಲಗಡೆ ಟೈರಿನ ಕಪ್ಪು ಗುರುತು ಬಗ್ಗೆ. ಹಿಂದಿನಿಂದ ನೋಡಿದರೆ ಬಹುತೇಕ ಗಾಡಿಗಳ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ರಾಡು) ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಅದು ಆಕ್ಸಲನ್ನೂ ಅದೇ ದಿಕ್ಕಿಗೆ ತಿರುಚುತ್ತದೆ. ಎಡ ಟೈರ್ ನೆಲಕ್ಕೆ ಒತ್ತಿಕೊಳ್ಳುತ್ತದೆ, ಬಲ ಟೈರ್ ಹಗುರವಾಗುತ್ತದೆ. ನಿಮ್ಮ ಗಾಡಿಗೆ ಇದು 30 ಕಿಲೋ ಆಸುಪಾಸು. ಇದೇ ಹೊತ್ತಿಗೆ ಬಾಡಿ ಎದುರು ದಿಕ್ಕಿಗೆ ವಾಲಿ, ಬಲ ಹಿಂದಿನ ಸ್ಪ್ರಿಂಗನ್ನು ಒತ್ತಿ, ಕಳೆದುಕೊಂಡದ್ದನ್ನು ವಾಪಸ್ ಕೊಡಲು ನೋಡುತ್ತದೆ. ಆದರೆ ಮುಂದೆ ಗಟ್ಟಿ ಇದ್ದು ಹಿಂದೆ ಮೆತ್ತಗಿದ್ದರೆ ಆ ವಾಲುವಿಕೆಯನ್ನು ಮುಂದಿನ ಸಸ್ಪೆನ್ಶನ್ನೇ ನುಂಗಿಬಿಡುತ್ತದೆ. ಹಿಂದಿನ ಬಲ ಟೈರಿಗೆ ಏನೂ ಸಿಗುವುದಿಲ್ಲ. ಅದರ ಮೇಲೆ ಓಪನ್ ಡಿಫರೆನ್ಶಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ, ಲಾಕ್ ಇಲ್ಲದ ಗೇರು) ಇದ್ದರೆ ಮುಗಿದೇ ಹೋಯಿತು, ಹಗುರವಾದ ಚಕ್ರ ಒಂದೇ ಸುತ್ತುತ್ತದೆ.

ಹಿಂದಿನ ಸ್ಪ್ರಿಂಗ್ ತೀರಾ ಮೆತ್ತಗೆ ಬೇಡ ಅನ್ನಲು ನನಗೆ ಇದೂ ಒಂದು ಕಾರಣ. ಇದಕ್ಕೆ ಸರಿಯಾದ ಮದ್ದು ಹಿಂದೆ ಒಂದು ಗಟ್ಟಿ ಆ್ಯಂಟಿ ರೋಲ್ ಬಾರ್, ಮುಂದಿನ ಆ್ಯಂಟಿ ರೋಲ್ ಬಾರ್ ಬಿಚ್ಚಿಡುವುದು. ಟ್ರ್ಯಾಕ್‌ನಲ್ಲಿ ಮಾತ್ರ. ಬಿಚ್ಚಿಟ್ಟು ತಿರುವಿನಲ್ಲಿ ಓಡಿಸಿದರೆ ಜೀವಕ್ಕೆ ಅಪಾಯ. ಬಾರ್‌ಗೆ ದುಡ್ಡಿಲ್ಲ ಅನ್ನುವವರು ಬಲ ಹಿಂದಿನ ಕಾಲರನ್ನು ಎರಡು ಸುತ್ತು ಬಿಗಿ ಮಾಡುತ್ತಾರೆ. ಕೆಲಸ ನಡೆಯುತ್ತದೆ, ಆದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೆಯಬಹುದು. ಬಲಕ್ಕೊಂದು ಎಡಕ್ಕೊಂದು ಬೇರೆ ಬೇರೆ ಪೌಂಡಿನ ಸ್ಪ್ರಿಂಗ್ ಹಾಕುವವರೂ ಇದ್ದಾರೆ. ನನಗೆ ಅದು ಹಿಡಿಸುವುದಿಲ್ಲ.

ಸ್ಪ್ರಿಂಗ್ ಎಲ್ಲಿ ತರುವುದು ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಆಮದು ಮಾಡಿದ್ದು ಸಿಕ್ಕರೆ ಸರಿ. ಇಲ್ಲವಾದರೆ ಪೀಣ್ಯದ ಕಡೆ ಸ್ಪ್ರಿಂಗ್ ಸುತ್ತುವವರು ಇದ್ದಾರೆ. ಅವರ ಹತ್ತಿರ ಹೋಗಿ "ಸ್ವಲ್ಪ ಮೆತ್ತಗೆ ಮಾಡಿಕೊಡಿ" ಅನ್ನಬೇಡಿ. ಅಳತೆ ಕೊಡಿ. ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಹೊಂದಿಕೊಂಡಿದೆ. ಹತ್ತೂವರೆ ಮಿ.ಮೀ. ತಂತಿ ಬದಲು 10 ಮಿ.ಮೀ. ಹಾಕಿದರೆ ಬಿಗಿ ಸುಮಾರು 18 ಪರ್ಸೆಂಟ್ ಇಳಿಯುತ್ತದೆ. ಅರ್ಧ ಮಿ.ಮೀ.ಗೆ! 75 ಮಿ.ಮೀ. ಸರಾಸರಿ ವ್ಯಾಸ, ಕೆಲಸ ಮಾಡುವ ಸುತ್ತು 8, ತಂತಿ 10 ಮಿ.ಮೀ. ಅಂದರೆ ಒಂದು ಮಿ.ಮೀ.ಗೆ ಸುಮಾರು 3 ಕಿಲೋ. ಒಂಬತ್ತೂವರೆ ಮಿ.ಮೀ. ತಂತಿಯಾದರೆ ಸುಮಾರು 2.4. ನಿಮಗೆ ಬೇಕಾದ 2.7 ಇವೆರಡರ ನಡುವೆ ಇದೆ. 10 ಮಿ.ಮೀ. ತಂತಿ ಇಟ್ಟುಕೊಂಡು ಒಂದು ಸುತ್ತು ಜಾಸ್ತಿ ಮಾಡಿಸಿದರೆ ಹತ್ತಿರ ಬರುತ್ತದೆ. ಆದರೆ ಸುತ್ತು ಜಾಸ್ತಿಯಾದರೆ ಪೂರ್ತಿ ಒತ್ತಿದಾಗ ಸ್ಪ್ರಿಂಗ್ ಸುತ್ತುಗಳು ಒಂದಕ್ಕೊಂದು ತಾಗುತ್ತವಾ ಅಂತ ಮೊದಲೇ ಕೇಳಿ.

ತಂದ ಮೇಲೆ ನಂಬಬೇಡಿ, ಪರೀಕ್ಷಿಸಿ. ಹೈಡ್ರಾಲಿಕ್ ಪ್ರೆಸ್ ಕೆಳಗೆ ದೊಡ್ಡ ತೂಕದ ಯಂತ್ರ ಇಟ್ಟು, ಅದರ ಮೇಲೆ ಸ್ಪ್ರಿಂಗ್ ನಿಲ್ಲಿಸಿ 25 ಮಿ.ಮೀ. ಒತ್ತಿ, ತೂಕ ಬರೆದುಕೊಳ್ಳಿ. ಆಮೇಲೆ 50 ಮಿ.ಮೀ. ಎರಡರ ವ್ಯತ್ಯಾಸವನ್ನು 25ರಿಂದ ಭಾಗಿಸಿ. ಸ್ಪ್ರಿಂಗ್ ಜಾರದ ಹಾಗೆ ಒಳಗೆ ಪೈಪ್ ಇಡಿ, ಎದುರು ನಿಲ್ಲಬೇಡಿ. ಜೊತೆಯ ಎರಡೂ ಸ್ಪ್ರಿಂಗ್ ಒಂದೇ ಅಳತೆ ಬರಬೇಕು.

ಇನ್ನು ಕತ್ತರಿಸುವ ಚಟ. ಸ್ಪ್ರಿಂಗ್ ಒಂದು ಸುತ್ತು ಕತ್ತರಿಸಿದರೆ ಗಾಡಿ ತಗ್ಗುತ್ತದೆ, ಮೆತ್ತಗೂ ಆಗುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಉಲ್ಟಾ. 8 ಸುತ್ತಿನದು 7 ಆದರೆ 14 ಪರ್ಸೆಂಟ್ ಗಟ್ಟಿಯಾಗುತ್ತದೆ. ನಾನೂ ಒಂದು ಕಾಲದಲ್ಲಿ ಕತ್ತರಿಸಿದವನೇ. ಗ್ಯಾಸ್ ಕಟ್ಟರ್‌ನಲ್ಲಿ ಕತ್ತರಿಸಿದ್ದು ಬೇರೆ, ಆ ಬಿಸಿಗೆ ಪಕ್ಕದ ಸುತ್ತಿನ ಹದವೂ ಹೋಯಿತು. ಗಾಡಿ ನೋಡಲು ಭರ್ಜರಿಯಾಗಿತ್ತು. ಮೂರನೇ ಲಾಂಚ್‌ಗೆ ಶಾಕ್ ತಳ ಮುಟ್ಟಿ ಮೇಲಿನ ಬ್ರಾಕೆಟ್ ವೆಲ್ಡಿಂಗ್ ಸಮೇತ ಕಿತ್ತು ಬಂತು. ವೆಲ್ಡಿಂಗ್ ಮಾಡಿದವರನ್ನು ಒಂದು ವಾರ ಬೈದೆ. ತಪ್ಪು ನನ್ನದೇ ಅಂತ ಒಪ್ಪಿಕೊಳ್ಳಲು ಇನ್ನೂ ಒಂದು ತಿಂಗಳು ಬೇಕಾಯಿತು. ಗಾಡಿ ಮನೆಗೆ ಬಂದದ್ದು ಟೆಂಪೋ ಮೇಲೆ.

ಪದ್ಮಿನಿಯ ಮೂಲ ಲೀಫ್ ಸ್ಪ್ರಿಂಗೇ ಇರುವ ಓದುಗರಿಗೂ ಒಂದು ಮಾತು. ಆಕ್ಸಲ್ ತಿರುಚಿಕೊಂಡಾಗ ಪಟ್ಟಿ ಎಸ್ ಆಕಾರಕ್ಕೆ ಬಾಗಿ, ಬಿಟ್ಟು, ಮತ್ತೆ ಬಾಗುತ್ತದೆ. ಚಕ್ರ ಟಕಟಕ ಕುಣಿಯುವುದು ಅದಕ್ಕೆ. ಪಟ್ಟಿ ಜಾಸ್ತಿ ಸೇರಿಸಿ ಲಗೇಜ್ ಗಾಡಿ ಮಾಡಿಕೊಳ್ಳಬೇಡಿ. ಆಕ್ಸಲ್‌ನಿಂದ ಮುಂದಿನ ಅರ್ಧವನ್ನು ಮಾತ್ರ ಕ್ಲಾಂಪ್ ಹಾಕಿ ಬಿಗಿ ಮಾಡಿ, ಹಿಂದಿನ ಅರ್ಧ ಸಡಿಲ ಇರಲಿ. ಜೊತೆಗೆ ಟ್ರ್ಯಾಕ್ಷನ್ ಬಾರ್, ಅಂದರೆ ಆಕ್ಸಲ್ ತಿರುಚದಂತೆ ತಡೆಯುವ ರಾಡು. ಅಮೆರಿಕದಲ್ಲಿ ಕ್ರೈಸ್ಲರ್‌ನವರು 1960ರ ದಶಕದಲ್ಲೇ ಡ್ರ್ಯಾಗ್‌ಗೆ ಅಂತ ಇಂಥ ಲೀಫ್ ಸ್ಪ್ರಿಂಗ್ ಮಾಡಿದ್ದರು. ಮುಂದಿನ ಭಾಗ ಗಿಡ್ಡ ಮತ್ತು ಗಟ್ಟಿ, ಬಲಗಡೆ ಪಟ್ಟಿಗೆ ಕಮಾನು ಜಾಸ್ತಿ. ಬಲ ಟೈರ್ ಹಗುರವಾಗುವ ಕಥೆ ಅವರಿಗೂ ಗೊತ್ತಿತ್ತು.

ಪೋಲೋ, ಸ್ವಿಫ್ಟ್, ಸಿಟಿ ಇಟ್ಟುಕೊಂಡವರಿಗೆ ಇದೆಲ್ಲ ತಿರುಗುಮುರುಗು. ಎಳೆಯುವ ಚಕ್ರ ಮುಂದಿದೆ. ಹಿಂದೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಭಾರ ಹಿಂದಕ್ಕೆ ಹೋಗುವುದು ನಿಲ್ಲುವುದಿಲ್ಲ. ಹಿಂಭಾಗ ಕೂರುವುದು ಕಡಿಮೆಯಾಗುತ್ತದೆ. ಅಷ್ಟೇ ಲಾಭ.

ಟೈರ್ ಗಾಳಿಯ ವಿಷಯ ಕೇಳಿಲ್ಲ, ಆದರೂ ಹೇಳುತ್ತೇನೆ. ಸ್ಪ್ರಿಂಗ್ ಬಿಚ್ಚುವ ಮೊದಲು ಎರಡೆರಡು ಪಿಎಸ್‌ಐ ಇಳಿಸಿ ನೋಡಿ. ಟೈರ್ ಕಂಪನಿ ಹೇಳಿದ ಮಿತಿ ದಾಟಬೇಡಿ. ಬಿಟ್ಟಿಯಾಗಿ ಸಿಗುವ ಗ್ರಿಪ್ ಇದೊಂದೇ.

ಎಲ್ಲಿ ಪರೀಕ್ಷಿಸುವುದು? ನೈಸ್ ರಸ್ತೆಯಲ್ಲಿ ಅಲ್ಲ, ಏರ್‌ಪೋರ್ಟ್ ರಸ್ತೆಯಲ್ಲಿ ರಾತ್ರಿ ಎರಡು ಗಂಟೆಗೂ ಅಲ್ಲ. ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇದೆ. 2019ರ ತಿದ್ದುಪಡಿಯ ನಂತರ ಮೊದಲ ಸಲವೇ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕಿಂತ ದೊಡ್ಡ ಮಾತು, ಎದುರಿನಿಂದ ಹಾಲಿನ ಗಾಡಿಯವರು ಬರುತ್ತಾರೆ. ಎಂಜಿನ್ ಮತ್ತು ಸಸ್ಪೆನ್ಶನ್ ಇಷ್ಟು ಬದಲಾಯಿಸಿದ ಗಾಡಿಯನ್ನು ರಸ್ತೆಗೆ ಇಳಿಸುವುದೇ ಕಾನೂನಿನ ಪ್ರಕಾರ ಕಷ್ಟ. ಟ್ರೇಲರ್ ಮೇಲೆ ಒಯ್ಯಿರಿ. ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ರೇಸ್‌ಗಳನ್ನು ನೋಡಿಕೊಳ್ಳುವ ಒಕ್ಕೂಟ) ಅನುಮತಿ ಇರುವ ಕಾರ್ಯಕ್ರಮ ನೋಡಿಕೊಳ್ಳಿ. ನಮಗೆ ಹತ್ತಿರ ಅಂದರೆ ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ಟ್ರ್ಯಾಕ್.

ಅಲ್ಲಿಗೆ ಹೋಗುವವರು ಒಂದು ಮರೆಯುತ್ತಾರೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 10 ಪರ್ಸೆಂಟ್ ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಸ್ವಲ್ಪ ಸೋಮಾರಿ. ಚೆನ್ನೈಗೆ ಇಳಿದರೆ ಅಲ್ಲಿನ ಸೆಕೆಯಿಂದ ಒಂದಿಷ್ಟು ಕಳೆದರೂ, ನಿಮ್ಮ 160ರ ಎಂಜಿನ್‌ಗೆ ಹತ್ತರ ಆಸುಪಾಸು ಬಿಎಚ್‌ಪಿ ಸೇರಿಕೊಳ್ಳುತ್ತದೆ. ಇಲ್ಲಿ ಅಂಟಿಕೊಂಡು ಹೋದ ಗಾಡಿ ಅಲ್ಲಿ ಸುತ್ತಿದರೆ ಸ್ಪ್ರಿಂಗ್ ಬದಲಾಯಿಸಲು ಓಡಬೇಡಿ. ಮೊದಲು ಲಾಂಚ್ ಆರ್‌ಪಿಎಂ ಐನೂರು ಇಳಿಸಿ.

ಕೆಲಸ ಶುರು ಮಾಡುವ ಕ್ರಮ ನಿಮಗೆ ಹೇಳಿಬಿಡುತ್ತೇನೆ. ಈ ವಾರ ಬಲಗಡೆ ಬಂಪ್ ರಬ್ಬರ್ ಬಿಚ್ಚಿ ನೋಡಿ, ಲಿಂಕ್ ಅಳೆದು ಗೋಡೆ ಮೇಲೆ ಬರೆಯಿರಿ. ಆಮೇಲೆ 150ರ ಸ್ಪ್ರಿಂಗ್ ಹಾಕಿ, ಶಾಕ್ ನಡುವೆ ನಿಲ್ಲುವ ಹಾಗೆ ಗಾಡಿಯನ್ನು ಸುಮಾರು ನಾಲ್ಕೂವರೆ ಸೆಂ.ಮೀ. ಎತ್ತರಿಸಿ. ಎತ್ತರಿಸಿದ ಮೇಲೆ ಲಿಂಕ್‌ಗಳ ಕೋನ ಬದಲಾಗಿರುತ್ತದೆ, ಮತ್ತೆ ಅಳೆಯಲೇಬೇಕು. 90ರಿಂದ 105 ಪರ್ಸೆಂಟ್ ನಡುವೆ ಯಾವ ತೂತು ಸಿಗುತ್ತದೋ ಅಲ್ಲಿಗೆ ಹಾಕಿ. ಪಿನಿಯನ್ ಕೋನ (ಪ್ರೊಪೆಲ್ಲರ್ ಶಾಫ್ಟ್ ಆಕ್ಸಲ್‌ಗೆ ಸೇರುವ ಕೋನ) ಸರಿಮಾಡುವುದು ಮರೆಯಬೇಡಿ, ಇಲ್ಲವಾದರೆ ಯುನಿವರ್ಸಲ್ ಜಾಯಿಂಟ್ ಕೈಗೆ ಬರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲ ವಿಡಿಯೊ. ಶಾಕ್ ಕ್ಲಿಕ್ ಕೊನೆಗೆ. ನೋಡಲು ಗಾಡಿ ಸ್ವಲ್ಪ ಎತ್ತರ ಕಾಣುತ್ತದೆ, ಗೆಳೆಯರು ನಗುತ್ತಾರೆ, ನಗಲಿ. ಮೆಕ್ಯಾನಿಕ್ ಹೇಳಿದ ಆ 110ರ ಜೋಡಿ ಸ್ಪ್ರಿಂಗ್‌ಗೆ ಮಾತ್ರ ದುಡ್ಡು ಕೊಡಬೇಡಿ.